ದನಿಗೆ ಓಗೊಡುವ ಕಟ್ಟಡ: ಬೀದರಿನ ಗುಮ್ಮಟದಿಂದ ತಾಲ್ಲೂಕು ಸಭಾಭವನದವರೆಗೆ

ಹಾಡುಗಾರನ ಕಂಠದಿಂದ ಹೊರಟ ದನಿ ಕೇಳುಗನ ಕಿವಿಗೆ ಒಂದೇ ದಾರಿ ಹಿಡಿದು ಬರುವುದಿಲ್ಲ. ನೇರ ಬಂದದ್ದು ಮೊದಲು ಮುಟ್ಟುತ್ತದೆ. ಅದರ ಬೆನ್ನಿಗೇ ಪಕ್ಕದ ಗೋಡೆಗೆ, ಸೂರಿಗೆ, ನೆಲಕ್ಕೆ ಬಡಿದ ದನಿಗಳು ಒಂದೊಂದಾಗಿ ಬಂದು ಸೇರುತ್ತವೆ. ಆಮೇಲೆ ಹತ್ತಾರು ಸಲ ಅತ್ತಿತ್ತ ಬಡಿದು, ಬಿಡಿಸಲಾರದಷ್ಟು ಬೆರೆತುಹೋದ ದನಿಯ ಬಾಲವೊಂದು ಉಳಿಯುತ್ತದೆ. ಇದೇ ಅನುರಣನ. ದನಿ ನಿಂತ ಕ್ಷಣದಿಂದ ಅದರ ಮಟ್ಟ 60 ಡೆಸಿಬೆಲ್ ಇಳಿಯಲು ಹಿಡಿಯುವ ಸಮಯವನ್ನು ಅನುರಣನ ಕಾಲ ಎಂದು ಅಳೆಯುತ್ತಾರೆ. ಭಾಷಣ ಸ್ಪಷ್ಟವಾಗಿ ಕೇಳಲು ಇದು ಒಂದು ಸೆಕೆಂಡಿನ ಆಸುಪಾಸಿನಲ್ಲಿದ್ದರೆ ಸಾಕು. ಪಾಶ್ಚಾತ್ಯ ವಾದ್ಯವೃಂದಕ್ಕೆ ಎರಡು ಸೆಕೆಂಡು ಹಿತ. ತಬಲಾದ ದ್ರುತಲಯದ ಬೋಲುಗಳು ಒಂದರ ಮೇಲೊಂದು ಬೀಳದೆ ಬಿಡಿಬಿಡಿಯಾಗಿ ಕೇಳಬೇಕು, ಆದರೆ ಗಾಯಕರ ವಿಲಂಬಿತ ಆಲಾಪ ಒಣಗಬಾರದು ಎನ್ನುವ ಹಿಂದೂಸ್ತಾನಿ ಕಛೇರಿಗೆ ಇವೆರಡರ ನಡುವಿನ ಅಳತೆ ಬೇಕಾಗುತ್ತದೆ.

20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ದನಿ ಸೆಕೆಂಡಿಗೆ 343 ಮೀಟರ್ ಸಾಗುತ್ತದೆ. ಬೀದರಿನ ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಸುಮಾರು 355 ಮೀಟರ್. ನೇರ ದನಿ ತಲುಪಿದ ಮೇಲೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದೊಳಗೆ ಬಂದ ಪ್ರತಿಫಲನವನ್ನು ಕಿವಿ ಬೇರೆ ಎಂದು ಗುರುತಿಸುವುದಿಲ್ಲ. ಅದು ಮೂಲ ದನಿಗೆ ಬಲವಾಗಿ ಸೇರಿಕೊಳ್ಳುತ್ತದೆ. ಅದಕ್ಕಿಂತ ತಡವಾಗಿ, ಅಂದರೆ ನೇರ ದಾರಿಗಿಂತ 17 ಮೀಟರಿಗೂ ಹೆಚ್ಚು ಸುತ್ತಿ, ಜೋರಾಗಿ ಬಂದದ್ದು ಮಾರ್ದನಿಯಾಗಿ ಕಾಡುತ್ತದೆ. ಸಭಾಂಗಣದ ವಾಸ್ತುವಿದ್ಯೆಯಲ್ಲಿ ದನಿಗೆ ಸಂಬಂಧಿಸಿದ ಕೆಲಸವೆಲ್ಲ ಯಾವ ಪ್ರತಿಫಲನವನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಚದುರಿಸಬೇಕು, ಯಾವುದನ್ನು ಹೀರಿಕೊಳ್ಳಬೇಕು ಎಂಬ ಆಯ್ಕೆಯೇ.

ಈ ಆಯ್ಕೆ ಹೊಸದಲ್ಲ. ಭರತನ ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯ ನಾಟ್ಯಗೃಹದ ಲಕ್ಷಣಗಳನ್ನು ಹೇಳುತ್ತದೆ. ಮನುಷ್ಯರ ನಾಟ್ಯಕ್ಕೆ 64 ಹಸ್ತ ಉದ್ದ, 32 ಹಸ್ತ ಅಗಲದ ಮಧ್ಯಮ ಮಂಟಪ ಸಾಕು. ಅದಕ್ಕಿಂತ ದೊಡ್ಡದಾದರೆ ಮಾತು ಅಸ್ಪಷ್ಟವಾಗುತ್ತದೆ, ನಟನ ಮುಖಭಾವವೂ ಕಾಣದೆ ಹೋಗುತ್ತದೆ ಎಂಬುದು ಅಲ್ಲಿನ ತೀರ್ಮಾನ. ಹಸ್ತಕ್ಕೆ ಒಂದೂವರೆ ಅಡಿ ಎಂದು ಹಿಡಿದರೆ ಇದು ಸುಮಾರು 29 ಮೀಟರ್ ಉದ್ದ, 14.6 ಮೀಟರ್ ಅಗಲದ ಆಯತ. ಮಂಟಪ ಬೆಟ್ಟದ ಗುಹೆಯಂತಿರಬೇಕು, ಕಿಟಕಿಗಳು ಸಣ್ಣವಿರಬೇಕು, ಗಾಳಿ ನುಗ್ಗಬಾರದು, ವಾದ್ಯದ ದನಿಗೆ ಗಾಂಭೀರ್ಯ ಬರಬೇಕು ಎಂಬ ಸೂಚನೆಗಳೂ ಅಲ್ಲಿವೆ. 1870ರಲ್ಲಿ ವಿಯೆನ್ನಾದಲ್ಲಿ ತೆರೆದ ಮ್ಯೂಸಿಕ್‌ಫೆರೈನ್ ಸಭಾಂಗಣ ಇಂದಿಗೂ ಜಗತ್ತಿನ ಶ್ರೇಷ್ಠ ಸಂಗೀತ ಮಂದಿರಗಳಲ್ಲಿ ಒಂದೆನಿಸಿದೆ. ಅದರ ಆಕಾರವೂ ಇಂಥದೇ ಕಿರಿದಾದ ಉದ್ದನೆಯ ಪೆಟ್ಟಿಗೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳುವ ಅಗತ್ಯವಿಲ್ಲ. ಪಕ್ಕದ ಗೋಡೆಗಳು ಹತ್ತಿರವಿದ್ದರೆ ಬೇಗ ಮರಳುವ ಪ್ರತಿಫಲನ ದನಿಯನ್ನು ತುಂಬಿಸುತ್ತದೆ ಎಂಬುದು ಎರಡೂ ಕಡೆ ಅನುಭವದಿಂದಲೇ ಸಿಕ್ಕ ತಿಳಿವಳಿಕೆ.

ಬೀದರ್ ನಗರದಲ್ಲಿ ಸಂಗೀತಕ್ಕೆಂದೇ ಕಟ್ಟಿದ ಹಳೆಯ ಸಭಾಂಗಣ ಯಾವುದೂ ಉಳಿದಿಲ್ಲ. ಆದರೆ ದನಿಗೆ ಬೇರೆ ಬೇರೆ ಬಗೆಯಲ್ಲಿ ಓಗೊಡುವ ಕಟ್ಟಡಗಳು ಇಷ್ಟು ಹತ್ತಿರ ಹತ್ತಿರ ಸಿಗುವ ಊರು ಕರ್ನಾಟಕದಲ್ಲಿ ಅಪರೂಪ. ಅಹ್ಮದ್ ಶಾಹ ವಲಿಯ ಕಾಲದಲ್ಲಿ ಬಹಮನಿ ರಾಜಧಾನಿ ಕಲಬುರಗಿಯಿಂದ ಇಲ್ಲಿಗೆ ಬಂತು. ಕೋಟೆಯೊಳಗಿನ ಸೋಲಹ್ ಖಂಬ ಮಸೀದಿ ಆ ಕಾಲದ್ದು. ಶಾಸನದ ಪ್ರಕಾರ 1423–24ರದು. ಸುಮಾರು 90 ಮೀಟರ್ ಉದ್ದ, 24 ಮೀಟರ್ ಅಗಲದ ಈ ಪ್ರಾರ್ಥನಾಂಗಣದಲ್ಲಿ ದಪ್ಪನೆಯ ದುಂಡು ಕಂಬಗಳು ಸಾಲುಸಾಲಾಗಿ ನಿಂತಿವೆ. ದನಿಯ ಅಲೆಗಿಂತ ಕಂಬ ದಪ್ಪವಿದ್ದರೆ ಅಲೆ ಅದಕ್ಕೆ ಬಡಿದು ನಾಲ್ಕೂ ಕಡೆ ಚದುರುತ್ತದೆ. ಅಲೆ ಉದ್ದವಿದ್ದರೆ ಕಂಬವನ್ನು ಬಳಸಿ ಮುಂದಕ್ಕೆ ಹೋಗುತ್ತದೆ. 1000 ಹರ್ಟ್ಸ್ ದನಿಯ ಅಲೆ 34 ಸೆಂಟಿಮೀಟರ್, 100 ಹರ್ಟ್ಸಿನದು 3.4 ಮೀಟರ್. ಹೀಗಾಗಿ ಕಂಬಗಳ ಮರೆಯಲ್ಲಿ ಕುಳಿತವರಿಗೆ ಇಮಾಮರ ದನಿಯ ಮಂದ್ರ ಮುಟ್ಟುತ್ತದೆ. ವ್ಯಂಜನಗಳ ಅಂಚು ಮಾತ್ರ ಮಾಸುತ್ತದೆ. ಪಠಣದ ಪಾಠ ಎಲ್ಲರಿಗೂ ಗೊತ್ತಿರುವುದರಿಂದ ಪ್ರಾರ್ಥನೆಗೆ ಇದು ತೊಡಕಾಗದು. ಹೊಸ ವಿಷಯ ಹೇಳುವ ಉಪನ್ಯಾಸಕ್ಕಾದರೆ ತೊಡಕೇ.

ಕಟ್ಟಡದ ಮುಂಭಾಗ ಕಮಾನುಗಳ ಸಾಲಾಗಿ ತೆರೆದುಕೊಂಡಿರುವುದು ಇಲ್ಲಿ ಮುಖ್ಯ. ಹೊರಗೆ ಹೋದ ದನಿ ತಿರುಗಿ ಬರುವುದಿಲ್ಲ, ಆದ್ದರಿಂದ ಒಳಗಿನ ಅನುರಣನ ಹದ್ದುಮೀರುವುದಿಲ್ಲ. ಕಲಬುರಗಿ ಕೋಟೆಯ ಜಾಮಿ ಮಸೀದಿಯನ್ನು (1367) ಇದರ ಪಕ್ಕಕ್ಕಿಟ್ಟು ನೋಡಬಹುದು. ಅಲ್ಲಿ ನಡುವಣ ಅಂಗಳವನ್ನೇ ಬಿಡದೆ ಇಡೀ ಜಾಗಕ್ಕೆ ಸಣ್ಣ ಗುಮ್ಮಟಗಳ ಸೂರು ಹೊದಿಸಿದ್ದಾರೆ. ದನಿ ಒಂದೇ ಕಡೆ ಗುಂಪುಗೂಡದಂತೆ ಹತ್ತಾರು ಗುಮ್ಮಟಗಳು ಅದನ್ನು ಹಂಚಿಕೊಳ್ಳುತ್ತವೆ.

ಬೀದರಿನ ಮಗ್ಗುಲಲ್ಲಿರುವ ಅಷ್ಟೂರಿನ ಬಹಮನಿ ಗೋರಿಗಳದು ಬೇರೆಯೇ ಸ್ವಭಾವ. ಚೌಕದ ಕೋಣೆ, ದಪ್ಪ ಗೋಡೆ, ಸಣ್ಣ ಬಾಗಿಲು, ಮೇಲೆ ಎತ್ತರದ ಗುಮ್ಮಟ. ಒಳಗೆ ಹೋದ ದನಿಗೆ ಹೊರಬರುವ ದಾರಿ ಕಡಿಮೆ, ಗಾರೆಯ ಗೋಡೆ ಹೀರಿಕೊಳ್ಳುವುದೂ ಕಡಿಮೆ. ಗುಮ್ಮಟದ ಒಳಮೈ ದನಿಯನ್ನು ತನ್ನ ಬಾಗಿನ ಕೇಂದ್ರದ ಕಡೆಗೆ ಕೂಡಿಸುತ್ತದೆ. ಆ ಕೇಂದ್ರ ಕೇಳುಗರ ತಲೆಯ ಮಟ್ಟದಲ್ಲಿದ್ದರೆ ಅಲ್ಲಿ ದನಿ ದಟ್ಟವಾಗಿ, ಒಂದು ಹೆಜ್ಜೆ ಪಕ್ಕದಲ್ಲಿ ತೆಳುವಾಗಿ ಕೇಳುತ್ತದೆ. ಗುಮ್ಮಟ ಎತ್ತರಕ್ಕೆ ಏರಿದಂತೆ ಕೇಂದ್ರವೂ ಮೇಲಕ್ಕೆ ಹೋಗಿ, ಕೆಳಗೆ ನಿಂತವರಿಗೆ ಉದ್ದನೆಯ ಗುಂಯ್‌ಗುಡುವಿಕೆ ಮಾತ್ರ ಇಳಿದುಬರುತ್ತದೆ. ಅಹ್ಮದ್ ಶಾಹ ವಲಿಯ ಗೋರಿಯಲ್ಲಿ ಹಿಂದೂ, ಮುಸ್ಲಿಮ್ ಇಬ್ಬರೂ ಸೇರಿ ಉರುಸು ನಡೆಸುತ್ತಾರೆ. ಅಂಥ ಕೋಣೆಯಲ್ಲಿ ನಿಧಾನ ಎಳೆದು ಹೇಳಿದ ಒಂದು ಸ್ವರಕ್ಕೆ ಕಟ್ಟಡವೇ ಶ್ರುತಿ ಹಿಡಿದಂತಾಗುತ್ತದೆ, ಬಿರುಸಾಗಿ ಆಡಿದ ಮಾತು ಕಲಸಿಹೋಗುತ್ತದೆ.

ನಗರದ ಇನ್ನೊಂದು ಬದಿಯ ಬರೀದ್ ಶಾಹಿ ಉದ್ಯಾನದಲ್ಲಿ ಆ ವಂಶದ ಅರಸ ಅಲಿ ಬರೀದನ ಗೋರಿಯಿದೆ. ಗುಮ್ಮಟ ಇಲ್ಲೂ ಇದೆ, ಆದರೆ ಅದರ ಕೆಳಗಿನ ನಾಲ್ಕೂ ಗೋಡೆಗಳಲ್ಲಿ ದೊಡ್ಡ ಕಮಾನುಗಳು ಬಯಲಿಗೆ ತೆರೆದಿವೆ. ಮೇಲಿಂದ ಇಳಿದ ದನಿ ಪಕ್ಕದ ಗೋಡೆಗೆ ಬಡಿದು ಮರಳುವ ಬದಲು ಕಮಾನಿನಿಂದಾಚೆ ಹೊರಟುಹೋಗುತ್ತದೆ. ಅಷ್ಟೂರಿನಲ್ಲಿ ಒಮ್ಮೆ, ಇಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿದವರಿಗೆ ಗೋಡೆಯಲ್ಲಿ ತೆರಪು ಮಾಡುವ ವ್ಯತ್ಯಾಸವನ್ನು ಬೇರೆ ಯಾವ ಪಾಠಪುಸ್ತಕವೂ ಕಲಿಸಬೇಕಾಗಿಲ್ಲ.

1472ರಲ್ಲಿ ಕಟ್ಟಿದ, ಬಹಮನಿ ಮಂತ್ರಿ ಮಹಮೂದ್ ಗವಾನರ ಮದರಸಾ ಪಾಠ ಹೇಳಲೆಂದೇ ಎದ್ದ ಕಟ್ಟಡ. ನಡುವೆ ಸುಮಾರು 100 ಅಡಿಯ ಚೌಕ ಅಂಗಳ, ಸುತ್ತ ಮೂರು ಅಂತಸ್ತಿನಲ್ಲಿ ವಿದ್ಯಾರ್ಥಿಗಳ ಕೋಣೆ, ಗ್ರಂಥಾಲಯ, ಮಸೀದಿ, ಉಪನ್ಯಾಸದ ಕೋಣೆಗಳು. 17ನೇ ಶತಮಾನದ ಕೊನೆಯ ಸ್ಫೋಟದಲ್ಲಿ ಒಂದು ಭಾಗ ಉರುಳಿಹೋದರೂ ವಿನ್ಯಾಸ ಸ್ಪಷ್ಟವಿದೆ. ಅಂಗಳದ ನಡುವೆ ನಿಂತು ಮಾತಾಡಿದರೆ ಗೋಡೆ 15 ಮೀಟರ್ ದೂರ. ಹೋಗಿ ಬರಲು 30 ಮೀಟರ್, ಸೆಕೆಂಡಿನ ಹನ್ನೊಂದನೇ ಒಂದು ಭಾಗಕ್ಕೂ ಹೆಚ್ಚಿಲ್ಲ. ಆದರೂ 17 ಮೀಟರಿನ ಮಿತಿಯನ್ನು ಇದು ದಾಟುತ್ತದೆ, ಲೆಕ್ಕದ ಪ್ರಕಾರ ಮಾರ್ದನಿ ಕೇಳಬೇಕು. ಗೋಡೆ ಸಪಾಟಾಗಿದ್ದರೆ ಕೇಳುತ್ತಿತ್ತು. ಕಮಾನು, ಒಳಗೂಡು, ಅಂತಸ್ತುಗಳ ಅಂಚು ಅದನ್ನು ಒಡೆದು ಚೂರು ಮಾಡುತ್ತವೆ. ಪಾಠಕ್ಕೆ ಮುಚ್ಚಿದ ಕೋಣೆ, ಕೂಟಕ್ಕೆ ತೆರೆದ ಅಂಗಳ ಎಂದು ಒಂದೇ ಕಟ್ಟಡದಲ್ಲಿ ಎರಡು ಧ್ವನಿಸ್ವಭಾವಗಳನ್ನು ಒದಗಿಸಿದ್ದು ಈ ವಿನ್ಯಾಸದ ಗುಣ.

ಗುಮ್ಮಟದ ಪವಾಡವೆಂದರೆ ಎಲ್ಲರೂ ನೆನೆಯುವುದು ವಿಜಯಪುರವನ್ನು. 1656ರಲ್ಲಿ ಮುಗಿದ ಗೋಲಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಅದರ ಪಿಸುಗುಟ್ಟುವ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಆಡಿದ ಮಾತು ಎದುರು ಬದಿಯವರ ಕಿವಿಗೆ ಬೀಳುತ್ತದೆ, ಚಪ್ಪಾಳೆ ಮತ್ತೆ ಮತ್ತೆ ಮರುಕಳಿಸುತ್ತದೆ. ದನಿ ಬಾಗಿದ ಗೋಡೆಯ ಮೈಗೆ ಅಂಟಿಕೊಂಡೇ ಸಾಗುತ್ತದೆ ಎಂಬ ವಿವರಣೆಯನ್ನು ಲಂಡನ್ನಿನ ಸೇಂಟ್ ಪಾಲ್ಸ್ ಗುಮ್ಮಟವನ್ನು ನೋಡಿ ಲಾರ್ಡ್ ರೇಲಿ ಕೊಟ್ಟರು. ಸಿ.ವಿ. ರಾಮನ್ 1921ರಲ್ಲಿ ಅಲ್ಲೇ ಪರೀಕ್ಷೆ ನಡೆಸಿ, ಬಳಿಕ ಗೋಲಗುಮ್ಮಟದಂಥ ಭಾರತದ ಕಟ್ಟಡಗಳತ್ತಲೂ ಗಮನ ಹರಿಸಿದರು. ಇಷ್ಟಾದರೂ ಗೋಲಗುಮ್ಮಟ ಸಂಗೀತಕ್ಕೆ ಒಳ್ಳೆಯ ಜಾಗವಲ್ಲ. ಕಟ್ಟಡ ಜೋರಾಗಿ ಉತ್ತರಿಸುವುದು ಬೇರೆ, ಒಪ್ಪುವಂತೆ ಉತ್ತರಿಸುವುದು ಬೇರೆ. ಹಂಪಿಯ ವಿಠ್ಠಲ ದೇವಾಲಯದ ಸಂಗೀತ ಕಂಬಗಳ ಮಾತೂ ಹತ್ತಿರದ್ದೇ. ಅವು ಟೊಳ್ಳಲ್ಲ, ಘನವಾದ ಕಲ್ಲು. ತಟ್ಟಿದಾಗ ಬಾಗಿ ಕಂಪಿಸಿ ನಾದ ಕೊಡುತ್ತವೆ ಎಂದು ಕಲ್ಪಾಕ್ಕಂ ವಿಜ್ಞಾನಿಗಳ ಪರೀಕ್ಷೆ ತೋರಿಸಿದೆ. ಅಲ್ಲಿ ಕಟ್ಟಡದ ಭಾಗವೇ ವಾದ್ಯ. ಸಭಾಂಗಣದ ಕೆಲಸ ಅದಲ್ಲ.

ಅನುಭವದ ಈ ಜ್ಞಾನಕ್ಕೆ ಲೆಕ್ಕ ಒದಗಿಸಿದವರು ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸಬೈನ್. 1895ರಲ್ಲಿ ಅಲ್ಲಿನ ಹೊಸ ಉಪನ್ಯಾಸ ಕೊಠಡಿಯೊಂದರಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ. ಖಾಲಿ ಕೊಠಡಿಯ ಅನುರಣನ ಐದೂವರೆ ಸೆಕೆಂಡಿಗೂ ಹೆಚ್ಚಿತ್ತು. ಸಬೈನ್ ಪಕ್ಕದ ರಂಗಮಂದಿರದ ಕುರ್ಚಿಯ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಒಂದೊಂದಾಗಿ ಹಾಸುತ್ತ, ಆರ್ಗನ್ ಕೊಳವೆ ಊದಿ, ದನಿ ಅಡಗುವ ಸಮಯವನ್ನು ಗಡಿಯಾರ ಹಿಡಿದು ಅಳೆದರು. ಕೊಠಡಿಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನ ಕಾಲ ಸಿಗುತ್ತದೆ ಎಂಬ ಸೂತ್ರ ಹೊರಬಂತು. ಹೀರಿಕೆಯ ಅಳತೆಗೋಲಾಗಿ ಅವರು ಆರಿಸಿಕೊಂಡದ್ದು ತೆರೆದ ಕಿಟಕಿ: ಹೊರಗೆ ಹೋದ ದನಿ ಮರಳುವುದಿಲ್ಲವಾದ್ದರಿಂದ ಒಂದು ಚದರ ಮೀಟರ್ ತೆರೆದ ಕಿಟಕಿಯೆಂದರೆ ಪೂರ್ಣ ಹೀರಿಕೆ. ಅಲಿ ಬರೀದನ ಗೋರಿಯ ನಾಲ್ಕು ಕಮಾನುಗಳು ಈ ಮಾನದಲ್ಲಿ ಅಳೆಯಲು ಹೇಳಿ ಮಾಡಿಸಿದಂತಿವೆ. ಸಬೈನ್ ಲೆಕ್ಕದ ಮೇಲೆ ರೂಪುಗೊಂಡ ಮೊದಲ ಸಂಗೀತ ಸಭಾಂಗಣ, ಬಾಸ್ಟನ್ ಸಿಂಫನಿ ಹಾಲ್, 1900ರಲ್ಲಿ ತೆರೆಯಿತು.

ಆಮೇಲಿನ ನೂರು ವರ್ಷಗಳ ಹೊಸತನ ಎರಡು ದಿಕ್ಕಿನಲ್ಲಿ ಹರಿಯಿತು. ಮೊದಲನೆಯದು ಆಕಾರದ್ದು. ಹಾನ್ಸ್ ಶರೂನ್ ವಿನ್ಯಾಸದ ಬರ್ಲಿನ್ ಫಿಲಾರ್ಮೊನಿ (1963) ವಾದ್ಯವೃಂದವನ್ನು ನಡುವಿಗೆ ತಂದು, ಕೇಳುಗರನ್ನು ಏರಿಳಿವ ಜಗಲಿಗಳ ಮೇಲೆ ಸುತ್ತಲೂ ಕೂರಿಸಿತು. ಜಗಲಿಗಳ ಸಣ್ಣ ಗೋಡೆಗಳೇ ಹತ್ತಿರದ ಪ್ರತಿಫಲನ ಕೊಡುತ್ತವೆ. ಬಯಲಾಟದ ಸುತ್ತ ಕುಳಿತು, ಭಜನಿಯಲ್ಲಿ ತಾಳ ಹಾಕುವವರ ಮಗ್ಗುಲಲ್ಲೇ ಕುಳಿತು ರೂಢಿಯಿರುವ ಬೀದರ್ ಸೀಮೆಯವರಿಗೆ ಈ ಏರ್ಪಾಡು ಅಷ್ಟೇನೂ ಹೊಸದೆನಿಸದು. ಹ್ಯಾಂಬರ್ಗಿನ ಎಲ್ಬ್‌ಫಿಲಾರ್ಮೊನಿ (2017) ಇದನ್ನೇ ಮುಂದಕ್ಕೊಯ್ದಿತು. ಅದರ ಗೋಡೆ, ಸೂರುಗಳಿಗೆ ಹೊದಿಸಿದ ಸುಮಾರು 10,000 ಜಿಪ್ಸಮ್ ಹಲಗೆಗಳ ಮೈಯಲ್ಲಿ ಯಂತ್ರದಿಂದ ಕೊರೆದ ತಗ್ಗುದಿಣ್ಣೆಗಳಿವೆ. ದನಿಶಾಸ್ತ್ರಜ್ಞ ಯಸುಹಿಸಾ ಟೊಯೊಟಾ ಅವರ ಲೆಕ್ಕದಂತೆ ಎಲ್ಲಿ ಎಷ್ಟು ಚದುರಿಸಬೇಕೋ ಅಷ್ಟು ಆಳ. ಮದರಸಾದ ಕಮಾನುಗಳು ಅರಿವಿಲ್ಲದೆ ಮಾಡಿದ ಕೆಲಸವನ್ನು ಇಲ್ಲಿ ಕಂಪ್ಯೂಟರು ಅರಿತು ಮಾಡಿದೆ.

ಎರಡನೆಯ ದಿಕ್ಕು ಬದಲಾಗುವ ಕಟ್ಟಡದ್ದು. ಸಣ್ಣ ಊರುಗಳಿಗೆ ಹೆಚ್ಚು ಉಪಯೋಗದ್ದೂ ಇದೇ. ಪ್ಯಾರಿಸ್ಸಿನ ಇರ್ಕಾಂ ಸಂಸ್ಥೆ 1978ರಲ್ಲಿ ತೆರೆದ ಪ್ರಯೋಗ ಸಭಾಂಗಣದ ಗೋಡೆ, ಸೂರುಗಳಲ್ಲಿ ತಿರುಗುವ ಮುಮ್ಮೂಲೆ ಪಟ್ಟಕಗಳಿವೆ. ಒಂದು ಮುಖ ದನಿಯನ್ನು ಹೀರುತ್ತದೆ, ಒಂದು ಹಿಂದಕ್ಕೆಸೆಯುತ್ತದೆ, ಇನ್ನೊಂದು ಚದುರಿಸುತ್ತದೆ. ಸೂರನ್ನೂ ಏರಿಸಿ ಇಳಿಸಬಹುದು. ಅನುರಣನವನ್ನು 0.4 ಸೆಕೆಂಡಿನಿಂದ 4 ಸೆಕೆಂಡಿನವರೆಗೆ ಬೇಕಾದಂತೆ ಹೊಂದಿಸಿಕೊಳ್ಳಬಹುದು. ಸ್ವಿಟ್ಜರ್ಲೆಂಡಿನ ಲೂಸರ್ನ್ ಸಭಾಂಗಣ (1998) ಗೋಡೆಯ ಹಿಂದೆ ಖಾಲಿ ಕೋಣೆಗಳನ್ನಿಟ್ಟು, ನಡುವೆ ಭಾರಿ ಬಾಗಿಲುಗಳನ್ನು ಜೋಡಿಸಿತು. ತೆರೆದರೆ ಘನ ಅಳತೆ ಹೆಚ್ಚಿ ಅನುರಣನ ಬೆಳೆಯುತ್ತದೆ. ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್ ಒಣ ದನಿಯ ಸಭಾಂಗಣವೆನಿಸಿಕೊಂಡಾಗ, 1964ರಿಂದ ಸೂರಿನಲ್ಲಿ ಮೈಕ್ರೊಫೋನ್, ಸ್ಪೀಕರುಗಳನ್ನು ಅಡಗಿಸಿ ಮಂದ್ರದ ಅನುರಣನವನ್ನು ವಿದ್ಯುತ್ತಿನಿಂದ ಹಿಗ್ಗಿಸಿದರು. ಇಂದಿನ ಡಿಜಿಟಲ್ ವ್ಯವಸ್ಥೆಗಳು ಆ ಪ್ರಯತ್ನದ ಮುಂದುವರಿಕೆ.

ಕರ್ನಾಟಕದಲ್ಲಿ ಸಂಗೀತ ಸಭಾಂಗಣದ ಹೊಸತನ ಎಂದ ಕೂಡಲೇ ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನದ ಹೆಸರು ಬರುತ್ತದೆ. 1980ರಲ್ಲಿ ತೆರೆದ ಈ ಭವನಕ್ಕೆ ಪಿಟೀಲು ವಿದ್ವಾಂಸ ಟಿ. ಚೌಡಯ್ಯನವರ ನೆನಪಿಗೆ ಏಳು ತಂತಿಯ ಪಿಟೀಲಿನ ಆಕಾರ ಕೊಟ್ಟಿದ್ದಾರೆ. ಊರಿಗೆ ಗುರುತು ಕೊಟ್ಟ ಕಟ್ಟಡ ಇದು. ಆದರೆ ಪಿಟೀಲಿನ ಹೊರಗೆರೆಗೂ ಒಳಗಿನ ದನಿಗೂ ನೇರ ನಂಟಿಲ್ಲ. ಅಂಗೈಯಗಲದ ತೆಳು ಮರದ ಪೆಟ್ಟಿಗೆಯಲ್ಲಿ ನಡೆಯುವ ಭೌತಕ್ರಿಯೆ ಸಾವಿರ ಜನ ಕೂರುವ ಕಾಂಕ್ರೀಟಿನಲ್ಲಿ ನಡೆಯುವುದಿಲ್ಲ. ಕಣ್ಣಿಗೆ ಸಂಗೀತದಂತೆ ಕಾಣುವ ಕಟ್ಟಡವನ್ನೂ ಕಿವಿಗೆ ಸಂಗೀತ ಉಣಿಸುವ ಕಟ್ಟಡವನ್ನೂ ಬೇರೆಬೇರೆಯಾಗಿಯೇ ಬೆಲೆಕಟ್ಟಬೇಕು.

ಬೀದರ್ ನಗರದ ಜಿಲ್ಲಾ ರಂಗಮಂದಿರಕ್ಕೆ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರ ಹೆಸರಿದೆ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದವರು ಅವರು. ಜಿಲ್ಲೆಯ ಬಸವಕಲ್ಯಾಣದಲ್ಲಿ 2021ರ ಜನವರಿಯಲ್ಲಿ ಅಡಿಗಲ್ಲು ಬಿದ್ದ ಹೊಸ ಅನುಭವ ಮಂಟಪದ ಯೋಜನೆಯಲ್ಲಿ 770 ಆಸನಗಳ ಸಭಾಂಗಣವೂ ಸೇರಿದೆ. ಇವೆರಡನ್ನು ಬಿಟ್ಟರೆ ಭಾಲ್ಕಿ, ಔರಾದಗಳಂಥ ಊರುಗಳಲ್ಲಿ ಸಭೆ ನಡೆಯುವುದು ಮಠದ ಸಭಾಮಂಟಪ, ಸಮುದಾಯ ಭವನ, ಶಾದಿ ಮಹಲು, ಫಂಕ್ಷನ್ ಹಾಲುಗಳಲ್ಲಿ. ಅದೇ ಸೂರಿನ ಕೆಳಗೆ ಬೆಳಿಗ್ಗೆ ಲಗ್ನ, ಸಂಜೆ ವಚನ ಗಾಯನ; ಮರುದಿನ ಕವ್ವಾಲಿ, ಅದರ ಮರುದಿನ ಮರಾಠಿ ಕೀರ್ತನೆ, ನಡುವೆ ಶಾಲೆಯ ಗ್ಯಾದರಿಂಗು. ಮೂರು ರಾಜ್ಯಗಳು ಕೂಡುವ ಈ ಗಡಿಯಲ್ಲಿ ಭಾಷೆಯೂ ಬದಲಾಗುತ್ತಲೇ ಇರುತ್ತದೆ. ಒಂದೇ ಬಗೆಯ ಸಂಗೀತಕ್ಕೆ ಹೊಂದಿಸಿದ ಬೆಲೆಬಾಳುವ ಸಭಾಂಗಣ ಇಲ್ಲಿಗೆ ಒಗ್ಗದು. ಹೊಂದಿಸಿಕೊಳ್ಳಬಲ್ಲ ಸಾದಾ ಸಭಾಂಗಣ ಒಗ್ಗೀತು.

ಲೆಕ್ಕ ಹಾಕಿ ನೋಡಬಹುದು. 30 ಮೀಟರ್ ಉದ್ದ, 15 ಮೀಟರ್ ಅಗಲ, 8 ಮೀಟರ್ ಎತ್ತರದ ಒಂದು ಸಭಾಭವನ ಎಂದುಕೊಳ್ಳೋಣ. ನಾಟ್ಯಶಾಸ್ತ್ರದ ಮಧ್ಯಮ ಮಂಟಪದಷ್ಟೇ ವಿಸ್ತಾರ. ಘನ ಅಳತೆ 3600 ಘನ ಮೀಟರ್. ನೆಲಕ್ಕೆ ನುಣುಪು ಟೈಲ್ಸ್, ಗೋಡೆಗೆ ಸಿಮೆಂಟು ಗಾರೆ, ಮೇಲೆ ಸ್ಲ್ಯಾಬು, ಪ್ಲಾಸ್ಟಿಕ್ ಕುರ್ಚಿಗಳು. ಇಂಥ ಮೈ ತನ್ನ ಮೇಲೆ ಬಿದ್ದ ದನಿಯಲ್ಲಿ ನೂರಕ್ಕೆ ಐದರಷ್ಟು ಹೀರಿಕೊಂಡರೆ ದೊಡ್ಡದು. ಖಾಲಿ ಇದ್ದಾಗ ಅನುರಣನ 7 ಸೆಕೆಂಡು ದಾಟುತ್ತದೆ. ಬಟ್ಟೆ ತೊಟ್ಟ ಮನುಷ್ಯ ಒಳ್ಳೆಯ ಹೀರುಕ. ನೂರು ಜನ ಕುಳಿತರೆ 4.6 ಸೆಕೆಂಡು, ನಾನೂರು ಜನ ಕುಳಿತರೆ 2.2. ಸಭೆ ತುಂಬಿದ ದಿನ ಭಾಷಣ ಚೆನ್ನಾಗಿತ್ತು ಎನ್ನುವಾಗ ಭಾಷಣಕಾರರ ಪಾಲೆಷ್ಟು, ಕೇಳುಗರ ಬಟ್ಟೆಯ ಪಾಲೆಷ್ಟು ಎಂದು ಕೇಳುವುದು ತಪ್ಪಾಗಲಾರದು. ಮೆತ್ತೆಯ ಆಸನಗಳಿದ್ದರೆ ಖಾಲಿ ಕುರ್ಚಿಯೂ ಕುಳಿತ ಮನುಷ್ಯನ ಹತ್ತಿರಹತ್ತಿರ ಹೀರುವುದರಿಂದ ಈ ಏರುಪೇರು ತಗ್ಗುತ್ತದೆ.

ಇದೇ ಭವನದ ಹಿಂಗೋಡೆ ಮತ್ತು ಸೂರಿನ ಹಿಂಭಾಗದಲ್ಲಿ 140 ಚದರ ಮೀಟರಿನಷ್ಟು ಗ್ಲಾಸ್‌ವೂಲ್ ಹಲಗೆಗಳನ್ನು ಶಾಶ್ವತವಾಗಿ ಕೂರಿಸಿದರೆ ನಾನೂರು ಜನರ ಸಭೆಯಲ್ಲಿ ಅನುರಣನ 1.6 ಸೆಕೆಂಡಿಗೆ ಇಳಿಯುತ್ತದೆ. ಗಾಯನಕ್ಕೆ ಇದು ಹಿತ. ಪಕ್ಕದ ಗೋಡೆಗಳ ಮುಂದೆ ಸುಮಾರು 360 ಚದರ ಮೀಟರಿನಷ್ಟು ದಪ್ಪ ಬಟ್ಟೆಯ ನೆರಿಗೆ ಪರದೆಗಳನ್ನು ಹಳಿಯ ಮೇಲೆ ಓಡಿಸುವ ಏರ್ಪಾಡಿದ್ದು, ಅವನ್ನು ಎಳೆದರೆ 1.1 ಸೆಕೆಂಡು: ಭಾಷಣಕ್ಕೆ, ನಾಟಕಕ್ಕೆ, ತಬಲಾ ಸೋಲೋಗೆ ತಕ್ಕದ್ದು. ಪರದೆ ಗೋಡೆಗೆ ಒತ್ತಿಕೊಳ್ಳಬಾರದು. ಗೇಣುದ್ದ ತೆರಪಿದ್ದರೆ ಮಂದ್ರವನ್ನೂ ಸ್ವಲ್ಪ ಹಿಡಿಯುತ್ತದೆ. ಇರ್ಕಾಂನ ತಿರುಗು ಪಟ್ಟಕಗಳ ತತ್ವವನ್ನು ಪರದೆ, ಹಳಿ, ಹಗ್ಗಗಳಿಗೆ ಇಳಿಸಿದರೆ ಸಿಗುವುದು ಇದೇ.

ಬಾಗಿದ ತಗಡಿನ ಸೂರಿನ ಹಾಲುಗಳದು ಇನ್ನೊಂದು ಕಷ್ಟ. ಅರ್ಧ ಕೊಳವೆಯಾಕಾರದ ಸೂರಿನ ಬಾಗಿನ ಕೇಂದ್ರ ಹಲವು ಸಲ ಕೇಳುಗರ ತಲೆಯ ಮಟ್ಟದಲ್ಲೇ ಬೀಳುತ್ತದೆ. ನಡುಸಾಲಿನಲ್ಲಿ ಕುಳಿತು ಒಮ್ಮೆ ಚಿಟಿಕೆ ಹೊಡೆದರೆ ನೆಲಕ್ಕೂ ಸೂರಿಗೂ ನಡುವೆ ಅದು ಪಟಪಟನೆ ಪುಟಿಯುವುದು ಕೇಳುತ್ತದೆ. ಗುಮ್ಮಟದ ದೋಷವೇ ಇದು. ಗುಮ್ಮಟದ ಎತ್ತರ ಇಲ್ಲ ಅಷ್ಟೆ. ಸೂರಿನಡಿ ಅಲೆಯಲೆಯಾಗಿ ಜಮಖಾನೆಯನ್ನೋ ಹೀರುಹಲಗೆಯನ್ನೋ ತೂಗುಬಿಟ್ಟು ಬಾಗನ್ನು ಮರೆಮಾಡುವುದೊಂದೇ ಉಪಾಯ. ತಗಡಿನ ಮೇಲೆ ಮಳೆ ಬಿದ್ದರೆ ಯಾವ ಉಪಾಯವೂ ಉಳಿಯುವುದಿಲ್ಲ. ತಗಡಿನ ಮೇಲೆಯೇ ಇನ್ನೊಂದು ಪದರ ಬೇಕು.

ಅನುರಣನ ಸರಿಯಾದರೂ ಗದ್ದಲ ಉಳಿದರೆ ಪ್ರಯೋಜನವಿಲ್ಲ. ಬೇಸಿಗೆಯಲ್ಲಿ ಫ್ಯಾನು, ಕೂಲರು ನಿಲ್ಲಿಸುವಂತಿಲ್ಲ. ಕರೆಂಟು ಹೋದಾಗ ಜನರೇಟರು ಕಿಟಕಿಯಡಿಯಲ್ಲೇ ಗುಡುಗುತ್ತದೆ. ಈ ಗದ್ದಲವನ್ನು ಮೀರಿಸಲು ಸೌಂಡ್ ಸಿಸ್ಟಮ್‌ನವರು ದನಿ ಏರಿಸುತ್ತಾರೆ, ಏರಿಸಿದ ದನಿ ಬರಿಗೋಡೆಗಳಿಗೆ ಬಡಿದು ಗದ್ದಲವನ್ನೇ ಹೆಚ್ಚಿಸುತ್ತದೆ. ವೇದಿಕೆಯ ಎರಡು ಬದಿಗೆ ದೈತ್ಯ ಪೆಟ್ಟಿಗೆಗಳನ್ನಿಡುವ ಬದಲು ಸಣ್ಣ ಸ್ಪೀಕರುಗಳನ್ನು ಗೋಡೆಯುದ್ದಕ್ಕೂ ಹಂಚಿ, ಹಿಂದಿನ ಸಾಲಿನವುಗಳಿಗೆ ಅಷ್ಟಷ್ಟೇ ವಿಳಂಬ ಕೊಟ್ಟರೆ ಕಡಿಮೆ ದನಿಯಲ್ಲಿ ಹೆಚ್ಚು ಸ್ಪಷ್ಟತೆ ಸಿಗುತ್ತದೆ. ವೇದಿಕೆಯಿಂದ 17 ಮೀಟರ್ ದೂರದ ಸ್ಪೀಕರಿಗೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗಕ್ಕಿಂತ ತುಸು ಹೆಚ್ಚು ತಡ ಮಾಡಿದರೆ ಸಾಕು, ಕಿವಿ ದನಿಯನ್ನು ವೇದಿಕೆಯಿಂದಲೇ ಬಂದಂತೆ ಗ್ರಹಿಸುತ್ತದೆ.

ಔರಾದದ ಅಮರೇಶ್ವರ ಜಾತ್ರೆಯಂಥ ಬಯಲು ಕೂಟಗಳಿಗೆ ಸೂರಿನ ತಾಪತ್ರಯವಿಲ್ಲ, ಸೂರಿನ ನೆರವೂ ಇಲ್ಲ. ತೆರಪಿನಲ್ಲಿ ದೂರ ಇಮ್ಮಡಿಯಾದಂತೆ ದನಿ 6 ಡೆಸಿಬೆಲ್ ಇಳಿಯುತ್ತದೆ. ಹಗಲಲ್ಲಿ ಕಾದ ನೆಲದ ಮೇಲಿನ ಬಿಸಿಗಾಳಿ ದನಿಯನ್ನು ಮೇಲಕ್ಕೆ ಬಾಗಿಸುವುದರಿಂದ ಅದು ಇನ್ನೂ ಬೇಗ ಕಳೆದುಹೋಗುತ್ತದೆ. ಇಳಿರಾತ್ರಿ ನೆಲ ತಣಿದು, ಮೇಲಿನ ಗಾಳಿ ಬೆಚ್ಚಗುಳಿದಾಗ ಬಾಗು ಕೆಳಮುಖವಾಗುತ್ತದೆ. ಮಗ್ಗುಲೂರಿನ ಭಜನಿಯ ಪದ ಆಗ ಹೊಲ ದಾಟಿ ಕೇಳುವುದು ಇದರಿಂದಲೇ. ಬಯಲು ವೇದಿಕೆಯ ಹಿಂದೆ ಒಂದು ಗಟ್ಟಿ ಗೋಡೆ, ಮೇಲೆ ಮುಂಬಾಗಿದ ಹಲಗೆಯ ಚಪ್ಪರ ಇದ್ದರೆ ಹಿಂದಕ್ಕೂ ಮೇಲಕ್ಕೂ ಹೋಗುವ ದನಿ ಕೇಳುಗರತ್ತ ತಿರುಗುತ್ತದೆ. ಬಟ್ಟೆಯ ಶಾಮಿಯಾನ ಈ ಕೆಲಸ ಮಾಡದು, ತೆಳು ಬಟ್ಟೆಯೊಳಗಿಂದ ದನಿ ಹಾಯ್ದುಹೋಗುತ್ತದೆ.

ಇಷ್ಟೆಲ್ಲ ನಿರ್ಧಾರಗಳಿಗೂ ಸರಿಯಾದ ವೇಳೆ ನಕಾಶೆ ಬರೆಯುವ ಹೊತ್ತು. ಎತ್ತರ, ಅಗಲ, ಸೂರಿನ ಬಾಗು, ಜನರೇಟರಿನ ಜಾಗ ಇವು ಒಮ್ಮೆ ಕಟ್ಟಿದ ಮೇಲೆ ಬದಲಾಗವು. ಹಲಗೆ, ಪರದೆಗಳನ್ನು ಮಾತ್ರ ಆಮೇಲೂ ಸೇರಿಸಬಹುದು. ಕಟ್ಟಡ ಕೈಗೆ ಬಂದ ಮೇಲೆ ಪರೀಕ್ಷೆ ಸುಲಭ. ಗದ್ದಲವಿಲ್ಲದ ಹೊತ್ತಿನಲ್ಲಿ ವೇದಿಕೆಯ ಮೇಲೆ ದೊಡ್ಡ ಬಲೂನೊಂದನ್ನು ಒಡೆದು, ಸಭಾಂಗಣದ ಐದಾರು ಕಡೆ ಆ ದನಿಯನ್ನು ಧ್ವನಿಮುದ್ರಿಸಿಕೊಂಡರೆ, ಉಚಿತವಾಗಿ ಸಿಗುವ ತಂತ್ರಾಂಶವೇ ಮಂದ್ರ, ಮಧ್ಯ, ತಾರ ಬೇರೆಬೇರೆಯಾಗಿ ಅನುರಣನ ಕಾಲವನ್ನು ಹೇಳುತ್ತದೆ. ಒಮ್ಮೆ ಪರದೆ ಎಳೆದು, ಒಮ್ಮೆ ಸರಿಸಿ ಅಳೆದರೆ ಆ ಭವನಕ್ಕೆ ಯಾವ ಕಾರ್ಯಕ್ರಮಕ್ಕೆ ಎಷ್ಟು ಪರದೆ ಎಂಬ ಪಟ್ಟಿ ಸಿದ್ಧವಾಗುತ್ತದೆ. ಅದನ್ನು ಲೈಟಿನ ಸ್ವಿಚ್‌ಬೋರ್ಡಿನ ಪಕ್ಕದಲ್ಲೇ ಅಂಟಿಸಿಡಬಹುದು.